ವೃಷಭಾವತಿಯ ಸಾರಜನಕ: ವಂಶವಾಹಿ ಎಣಿಕೆಯನ್ನು ಓದುವ ಬಗೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ರಾಜಕಾಲುವೆಗಳಲ್ಲಿ ಹರಿಯುವುದರಲ್ಲಿ ಬಹುಪಾಲು ವೃಷಭಾವತಿಗೇ ಸೇರುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ, ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ದಾಟಿ ಅದು ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಊರಿನ ಮೂತ್ರದಿಂದ ಬಂದ ಸಾರಜನಕವೂ ಇದೇ ದಾರಿಯಲ್ಲಿ ಹೋಗುತ್ತದೆ. ಆ ಸಾರಜನಕದಲ್ಲಿ ಎಷ್ಟು ಪಾಲು ಅಮೋನಿಯಾ ಆಗಿಯೇ ಉಳಿಯುತ್ತದೆ, ಎಷ್ಟು ನೈಟ್ರೇಟ್ ಆಗಿ ನೆಲಕ್ಕಿಳಿಯುತ್ತದೆ, ಎಷ್ಟು ಅನಿಲವಾಗಿ ಗಾಳಿಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆಲವೇ ಬಗೆಯ ಸೂಕ್ಷ್ಮಜೀವಿಗಳು. ಅವುಗಳನ್ನು ಡಿಎನ್‌ಎ ಮೂಲಕ ಗುರುತಿಸಿ ಎಣಿಸುವ ವಿಧಾನಗಳು ಇಂದು ಸಾಮಾನ್ಯ ಪ್ರಯೋಗಾಲಯದ ಕೈಗೂ ಎಟುಕುತ್ತವೆ. ಈ ಟಿಪ್ಪಣಿಯ ವಾದ ಇಷ್ಟು: ಮಣ್ಣಿನಲ್ಲಿ, ಸಮುದ್ರದಲ್ಲಿ ರೂಪುಗೊಂಡ ಈ ವಿಧಾನಗಳನ್ನು ಕೊಳಚೆ ಹೊತ್ತ ಹೊಳೆಗೆ ಹಾಗೆಯೇ ತಂದರೆ ಎಣಿಕೆ ತಪ್ಪು ದಾರಿ ಹಿಡಿಸುತ್ತದೆ. ವೃಷಭಾವತಿಯಲ್ಲಿ ವಂಶವಾಹಿಯ ಸಂಖ್ಯೆಗೆ ಅರ್ಥ ಬರಬೇಕಾದರೆ ಅದು ಎಲ್ಲಿಂದ ಬಂದದ್ದು, ಈಗ ಕೆಲಸ ಮಾಡುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಬೇರೆಯಾಗಿಯೇ ಉತ್ತರ ಹುಡುಕಬೇಕು.

ಮೊದಲು ಪ್ರಮಾಣದ ಅಂದಾಜು. ಕೆಂಗೇರಿ ಬಳಿಯ ಮೈಲಸಂದ್ರದಲ್ಲಿ ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದೆ. ಅದರ ಸಾಮರ್ಥ್ಯ ದಿನಕ್ಕೆ 7.5 ಕೋಟಿ ಲೀಟರ್. ಮನೆಗಳ ಕೊಳಚೆಯಲ್ಲಿ ಲೀಟರಿಗೆ 20ರಿಂದ 50 ಮಿಲಿಗ್ರಾಂ ಅಮೋನಿಯಾ ಸಾರಜನಕ ಇರುವುದು ವಾಡಿಕೆ. 35 ಎಂದು ಹಿಡಿದರೆ ಆ ಒಂದು ಘಟಕ ತುಂಬಿ ಹರಿದ ದಿನ ಅದರ ಬಾಗಿಲಿಗೆ ಬರುವ ಸಾರಜನಕ ಸುಮಾರು 2.6 ಟನ್. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿಸಲು 4.57 ಗ್ರಾಂ ಆಮ್ಲಜನಕ ಬೇಕು. ಅಂದರೆ ದಿನಕ್ಕೆ ಹೆಚ್ಚುಕಡಿಮೆ 12 ಟನ್ ಆಮ್ಲಜನಕ, ಸಾವಯವ ಕಲ್ಮಷ ಕರಗಿಸಲು ಬೇಕಾದದ್ದನ್ನು ಬಿಟ್ಟು. ಸಂಸ್ಕರಣೆಗೆ ಸಿಗದೆ ನೇರ ಹೊಳೆಗೆ ಬಿದ್ದ ಕೊಳಚೆಗೆ ಇಷ್ಟು ಆಮ್ಲಜನಕ ಒದಗಿಸುವುದು ಆ ನೀರಿನಿಂದ ಆಗದ ಮಾತು. ಕಪ್ಪುಗಟ್ಟಿ, ಕೊಳೆತ ಮೊಟ್ಟೆಯ ವಾಸನೆ ಬೀರುವ ಕಡೆ ಅಮೋನಿಯಾ ಅಮೋನಿಯಾ ಆಗಿಯೇ ಮುಂದೆ ಸಾಗುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ನಂಟಿದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಜಗತ್ತಿನ ಊರೂರಿನ ಕೊಳಚೆ ಶುದ್ಧಿಗೆ ಬಳಕೆಯಾಗುವ ಕ್ರಿಯಾಶೀಲ ಕೆಸರಿನ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದವರು ಆರ್ಡರ್ನ್ ಮತ್ತು ಲಾಕೆಟ್. ಅವರಿಗೆ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಆರ್ಡರ್ನ್ ಮತ್ತು ಲಾಕೆಟ್ ಪ್ರಯೋಗದ ಗುರಿ ಗಮನಿಸತಕ್ಕದ್ದು: ಕೊಳಚೆಗೆ ಗಾಳಿ ಊದುತ್ತಾ ಅಮೋನಿಯಾವೆಲ್ಲ ನೈಟ್ರೇಟ್ ಆಗುವವರೆಗೆ ಕಾಯುವುದು. ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಮತ್ತೆ ಹೊಸ ಕೊಳಚೆ ಸುರಿದಂತೆಲ್ಲ ಕಾಲ ಇಳಿಯುತ್ತಾ ಇಳಿಯುತ್ತಾ ಕೆಲವೇ ಗಂಟೆಗಳಿಗೆ ಬಂತು. ಅಮೋನಿಯಾವನ್ನು ನೈಟ್ರೇಟ್ ಆಗಿಸುವ, ನಿಧಾನವಾಗಿ ಬೆಳೆಯುವ ನೈಟ್ರೀಕಾರಕಗಳು ಕೆಸರಿನಲ್ಲಿ ಉಳಿದುಕೊಂಡು ಸಂಖ್ಯೆ ಹೆಚ್ಚಿಸಿಕೊಂಡದ್ದೇ ಇದರ ಗುಟ್ಟು ಎಂದು ಇಂದು ಹೇಳಬಲ್ಲೆವು. ಅದೇ ಫೌಲರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಮುಂದೆ ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾದ ವಿ. ಸುಬ್ರಹ್ಮಣ್ಯನ್, 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದ್ದಾಗ ನೀರು ನಿಂತ ಮಣ್ಣಿನ ಜೀವರಸಾಯನವನ್ನು ಅಭ್ಯಸಿಸಿದ್ದರು. ನೀರು ನಿಂತಾಗ ಮಣ್ಣಿನಲ್ಲಿ ಅಮೋನಿಯಾ ಕೂಡಿಕೊಳ್ಳುವ ಬಗೆ ಆ ಅಧ್ಯಯನದ ಒಂದು ಮುಖ್ಯ ಎಳೆ. ನಮ್ಮ ಗದ್ದೆಗಳ ಪ್ರಶ್ನೆಯೂ ಅದೇ. 1940ರ ದಶಕದಲ್ಲಿ ಅವರು ಎಸ್. ಸಿ. ಪಿಳ್ಳೈ ಜೊತೆಗೂಡಿ, ಕೊಳಚೆ ಶುದ್ಧಿಯಲ್ಲಿ ಪ್ರೋಟೊಜೋವಾಗಳ ಪಾತ್ರ ದೊಡ್ಡದು ಎಂಬ ವಾದವನ್ನು ನೇಚರ್ ಪತ್ರಿಕೆಯಲ್ಲಿ ಮಂಡಿಸಿದರು. ಆ ವಾದವನ್ನು ಪೂರ್ತಿ ಒಪ್ಪದವರೂ ಅದರ ಕ್ರಮವನ್ನು ಮೆಚ್ಚಬೇಕು. ಯಾವ ಜೀವಿ ಇದೆ ಎಂಬುದರ ಜೊತೆಗೆ ಅದು ಏನು ಮಾಡುತ್ತಿದೆ ಎಂದು ಅಳೆಯಲು ಅವರು ಪಟ್ಟ ಶ್ರಮವೇ ಇಂದಿನ ಡಿಎನ್‌ಎ ಅಧ್ಯಯನಗಳಲ್ಲಿ ಹಲವು ಬಾರಿ ಕಾಣೆಯಾಗಿರುತ್ತದೆ.

ಅವರ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ, ತಟ್ಟೆಯಲ್ಲಿ ಬೆಳೆಸುವ ಕ್ರಮ ಮತ್ತು ರಾಸಾಯನಿಕ ಪರೀಕ್ಷೆ. ನೈಟ್ರೀಕಾರಕಗಳನ್ನು ತಟ್ಟೆಯಲ್ಲಿ ಬೆಳೆಸುವುದು ಕಷ್ಟ. ಅವು ಒಂದು ಎರಡಾಗಲು ಅರ್ಧ ದಿನವೋ ಒಂದು ದಿನವೋ ತೆಗೆದುಕೊಳ್ಳುತ್ತವೆ. ಸಾವಯವ ಆಹಾರ ಹಾಕಿದರೆ ಬೇರೆ ಬ್ಯಾಕ್ಟೀರಿಯಾಗಳೇ ತಟ್ಟೆ ತುಂಬಿಬಿಡುತ್ತವೆ. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಇವನ್ನು ಬೇರ್ಪಡಿಸಿದ್ದು ಸಾವಯವ ಆಹಾರವನ್ನೇ ಕೊಡದೆ. ಆನಂತರ ಸುಮಾರು ಒಂದು ಶತಮಾನ ಪಠ್ಯಪುಸ್ತಕದ ಚಿತ್ರ ಬದಲಾಗಲಿಲ್ಲ: ಅಮೋನಿಯಾವನ್ನು ನೈಟ್ರೈಟ್ ಮಾಡಲು ನೈಟ್ರೊಸೊಮೊನಾಸ್, ನೈಟ್ರೈಟನ್ನು ನೈಟ್ರೇಟ್ ಮಾಡಲು ನೈಟ್ರೊಬ್ಯಾಕ್ಟರ್.

ಆ ಚಿತ್ರವನ್ನು ಒಡೆದದ್ದು ವಂಶವಾಹಿ. ಅಮೋನಿಯಾ ಉತ್ಕರ್ಷಣೆಯ ಮೊದಲ ಹೆಜ್ಜೆಗೆ ಬೇಕಾದ ಕಿಣ್ವದ ಒಂದು ಭಾಗವನ್ನು ತಯಾರಿಸುವ ಜೀನಿಗೆ ಅಮೊ-ಎ ಎಂದು ಹೆಸರು. 1997ರಲ್ಲಿ ರೊಟ್‌ಹೌವೆ ಮತ್ತು ಸಂಗಡಿಗರು ಅದನ್ನು ಹಿಡಿದು ಹೆಚ್ಚಿಸಲು ಬೇಕಾದ ಪ್ರೈಮರುಗಳನ್ನು, ಎಂದರೆ ಗುರಿಯ ಜೀನಿಗೆ ಅಂಟಿಕೊಂಡು ಪಿಸಿಆರ್ ಕ್ರಿಯೆಯನ್ನು ಆರಂಭಿಸುವ ಡಿಎನ್‌ಎ ತುಣುಕುಗಳನ್ನು, ಪ್ರಕಟಿಸಿದರು. ಅಲ್ಲಿಂದ ಮುಂದೆ ಯಾವುದನ್ನೂ ಬೆಳೆಸದೆ, ಒಂದು ಚಿಟಿಕೆ ಹೂಳಿನಿಂದ ಡಿಎನ್‌ಎ ತೆಗೆದು ಅಮೋನಿಯಾ ಉಣ್ಣುವ ಜೀವಿಗಳನ್ನು ಎಣಿಸುವುದು ಸಾಧ್ಯವಾಯಿತು. ಆದರೆ ಪ್ರೈಮರು ತನಗೆ ಗೊತ್ತಿರುವುದನ್ನು ಮಾತ್ರ ಹಿಡಿಯುತ್ತದೆ. ಸಿಯಾಟಲಿನ ಮತ್ಸ್ಯಾಗಾರದ ತೊಟ್ಟಿಯ ಕಲ್ಲುಹರಳಿನಿಂದ 2005ರಲ್ಲಿ ಬೇರ್ಪಡಿಸಿದ ನೈಟ್ರೊಸೊಪ್ಯೂಮಿಲಸ್ ಬ್ಯಾಕ್ಟೀರಿಯಾವೇ ಆಗಿರಲಿಲ್ಲ, ಆರ್ಕಿಯಾ ಎಂಬ ಬೇರೆಯೇ ವರ್ಗದ ಸೂಕ್ಷ್ಮಜೀವಿ ಆಗಿತ್ತು. ಅದರ ಅಮೊ-ಎ ಹಳೆಯ ಪ್ರೈಮರಿಗೆ ಸಿಕ್ಕುವಂಥದ್ದಲ್ಲ. ಮರುವರ್ಷವೇ ಯೂರೋಪಿನ ಹಲವು ಮಣ್ಣುಗಳಲ್ಲಿ ಆರ್ಕಿಯಾದ ಅಮೊ-ಎ ಪ್ರತಿಗಳು ಬ್ಯಾಕ್ಟೀರಿಯಾದವಕ್ಕಿಂತ ಬಹಳ ಹೆಚ್ಚು ಎಂದು ತಿಳಿಯಿತು.

ಇನ್ನೂ ದೊಡ್ಡ ತಿದ್ದುಪಡಿ 2015ರಲ್ಲಿ ಬಂತು. ವಿಯೆನ್ನಾದ ತಂಡವೊಂದು ರಷ್ಯಾದ ಆಳವಾದ ತೈಲಬಾವಿಯ ಬಿಸಿನೀರಿನ ಕೊಳವೆಯ ಲೋಳೆಪದರದಿಂದ, ನೆದರ್ಲೆಂಡ್ಸಿನ ನೈಮೇಗೆನ್ ತಂಡ ಮೀನು ಸಾಕಣೆಯ ಶೋಧಕದಿಂದ, ಒಂದೇ ಬಗೆಯ ಸುದ್ದಿ ತಂದವು: ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಹೆಜ್ಜೆಗಳನ್ನು ಒಂದೇ ಕೋಶದಲ್ಲಿ ಮುಗಿಸುತ್ತವೆ. ಕಾಮಾಮಾಕ್ಸ್ ಎಂದು ಕರೆಯುವ ಈ ಜೀವಿಗಳ ಅಮೊ-ಎ ಕೂಡ ಹಳೆಯ ಪ್ರೈಮರುಗಳ ಕಣ್ಣಿಗೆ ಬೀಳದು. ನಮ್ಮ ಕಣಿವೆಗೆ ಇದರ ಪರಿಣಾಮ ನೇರವಾದದ್ದು. ಮೈಸೂರು ರಸ್ತೆಯ ವೃಷಭಾವತಿ ಕಣಿವೆ ಘಟಕದಲ್ಲಿ ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯದ ಸಂಸ್ಕರಣೆ ಬಹುಕಾಲ ನಡೆದದ್ದು ಕಲ್ಲಿನ ಹಾಸಿನ ಮೇಲೆ ಕೊಳಚೆಯನ್ನು ಸಿಂಪಡಿಸುವ ಟ್ರಿಕ್ಲಿಂಗ್ ಫಿಲ್ಟರ್ ಪದ್ಧತಿಯಲ್ಲಿ. ಮೈಲಸಂದ್ರದ್ದು ಹೆಚ್ಚು ಹೊತ್ತು ಗಾಳಿ ಊದುವ ಪದ್ಧತಿ. ಕಲ್ಲಿಗಂಟಿದ ಲೋಳೆಪದರದಲ್ಲಿ ಕೋಶಗಳು ಕೊಚ್ಚಿಹೋಗದೆ ತಿಂಗಳುಗಟ್ಟಲೆ ಉಳಿಯುತ್ತವೆ. ಕಾಮಾಮಾಕ್ಸ್ ಮೊದಲು ಸಿಕ್ಕಿದ್ದೂ ಇಂಥ ಪದರಗಳಲ್ಲೇ. ಹೀಗಾಗಿ ಈ ಎರಡು ಘಟಕಗಳನ್ನು ಹೋಲಿಸುವವರು 1997ರ ಪ್ರೈಮರೊಂದನ್ನೇ ಬಳಸಿದರೆ, ಲೋಳೆಪದರದ ನೈಟ್ರೀಕರಣವನ್ನು ಕಡಿಮೆ ಎಣಿಸುವ ಸಂಭವ ಇದ್ದೇ ಇದೆ. ಆದರೆ ಕಾಮಾಮಾಕ್ಸಿನ ಮೇಲೆ ನಿರೀಕ್ಷೆ ಹೇರುವುದೂ ತಪ್ಪು. 2017ರಲ್ಲಿ ನೈಟ್ರೊಸ್ಪೈರಾ ಇನೊಪಿನಾಟಾವನ್ನು ಶುದ್ಧವಾಗಿ ಬೆಳೆಸಿ ಅಳೆದಾಗ, ಅತ್ಯಲ್ಪ ಅಮೋನಿಯಾವನ್ನೂ ಹಿಡಿಯಬಲ್ಲ ಜೀವಿ ಅದು ಎಂದು ತಿಳಿಯಿತು. ಲೀಟರಿಗೆ ಹತ್ತಾರು ಮಿಲಿಗ್ರಾಂ ಅಮೋನಿಯಾ ಇರುವ ಕಡೆ ಹಳೆಯ ನೈಟ್ರೊಸೊಮೊನಾಸೇ ಮೇಲುಗೈ ಸಾಧಿಸುವ ಸಾಧ್ಯತೆ ಹೆಚ್ಚು. ನಾಯಂಡಹಳ್ಳಿಯಿಂದ ಬೈರಮಂಗಲದ ಆಚೆಗೆ ಅಮೋನಿಯಾ ತಗ್ಗುತ್ತಾ ಹೋದಲ್ಲಿ ಈ ಗುಂಪುಗಳ ಪಾಲು ಹೇಗೆ ಬದಲಾಗುತ್ತದೆ ಎಂಬುದು ಪರೀಕ್ಷಿಸಿ ನೋಡಬೇಕಾದ ಸಂಗತಿ. ನನ್ನ ಮಟ್ಟಿಗೆ ಈ ಹೊಳೆಯಲ್ಲಿ ಅತ್ಯಂತ ಕುತೂಹಲದ ಪ್ರಶ್ನೆ ಇದೇ.

ನೈಟ್ರೇಟ್ ಆದ ಸಾರಜನಕ ಮರಳಿ ಗಾಳಿಗೆ ಸೇರುವ ದಾರಿಯಲ್ಲಿ ಗುರುತುಗಳು ಇನ್ನೂ ಗೋಜಲು. ನೈಟ್ರೈಟನ್ನು ಅನಿಲ ಮಾಡುವ ಕಿಣ್ವ ಎರಡು ಬಗೆ: ಕಬ್ಬಿಣದ್ದಕ್ಕೆ ನಿರ್-ಎಸ್ ಜೀನ್, ತಾಮ್ರದ್ದಕ್ಕೆ ನಿರ್-ಕೆ. ಕೊನೆಯ ಹೆಜ್ಜೆಯಲ್ಲಿ ನೈಟ್ರಸ್ ಆಕ್ಸೈಡನ್ನು ನಿರಪಾಯದ ಸಾರಜನಕ ಅನಿಲವಾಗಿಸುವುದು ನಾಸ್-ಜೆಡ್. ನೂರು ವರ್ಷದ ಲೆಕ್ಕದಲ್ಲಿ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಿಸಿಯೇರಿಸುವ ಅನಿಲ. ಆದ್ದರಿಂದ ಈ ಕೊನೆಯ ಹೆಜ್ಜೆ ನಡೆಯಿತೋ ಇಲ್ಲವೋ ಎಂಬುದು ಸಣ್ಣ ಸಂಗತಿಯಲ್ಲ. ನೈಟ್ರೇಟನ್ನು ಅನಿಲವಾಗಿಸುವ ಅನೇಕ ವಿನೈಟ್ರೀಕಾರಕಗಳಲ್ಲಿ ನಾಸ್-ಜೆಡ್ ಇರುವುದೇ ಇಲ್ಲ. ಇನ್ನು ಕೆಲವು ಜೀವಿಗಳಲ್ಲಿ ಹಿಂದಿನ ಹೆಜ್ಜೆಗಳಿಲ್ಲದೆ ನಾಸ್-ಜೆಡ್ ಒಂದೇ ಇರುತ್ತದೆ. ಇಂಥ ಜೀವಿಗಳಲ್ಲಿ ಸಿಗುವ ಎರಡನೆಯ ಬಗೆಯ ನಾಸ್-ಜೆಡ್ ವಿಸ್ತಾರವಾಗಿ ಹರಡಿದೆ ಎಂದು 2012–13ರಲ್ಲಷ್ಟೇ ಸ್ಪಷ್ಟವಾಯಿತು; ಹಳೆಯ ಪ್ರೈಮರುಗಳು ಇಲ್ಲಿಯೂ ಕುರುಡು. ಜೀನ್ ಇದ್ದರೂ ಕೆಲಸ ನಿಲ್ಲಬಹುದು. ಸಲ್ಫೈಡ್ ಈ ಕಿಣ್ವವನ್ನು ತಡೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೂಳಿನಲ್ಲಿ ನಾಸ್-ಜೆಡ್ ಪ್ರತಿಗಳು ಎಷ್ಟಿದ್ದರೂ, ಸಲ್ಫೈಡನ್ನು ಅಳೆಯದೆ ಅವು ಹೊಳೆಯನ್ನು ಕಾಪಾಡುತ್ತಿವೆ ಎನ್ನಲಾಗದು.

ನೈಟ್ರೇಟನ್ನು ಮತ್ತೆ ಅಮೋನಿಯಾ ಮಾಡಿಬಿಡುವ ಇನ್ನೊಂದು ದಾರಿಯೂ ಇದೆ, ಅದರ ಗುರುತು ನರ್ಫ್-ಎ ಎಂಬ ಜೀನ್. ಸಾವಯವ ಇಂಗಾಲ ಹೆಚ್ಚಾಗಿ ನೈಟ್ರೇಟ್ ವಿರಳವಾದ ಹೂಳಿನಲ್ಲಿ ಈ ದಾರಿ ಬಲವಾಗುತ್ತದೆ. ವೃಷಭಾವತಿಯ ಹೂಳು ಬಹುತೇಕ ಅಂಥದ್ದೇ. ಅಲ್ಲಿ ನೈಟ್ರೇಟ್ ಮಾಯವಾಯಿತೆಂದರೆ ಸಾರಜನಕ ಹೊಳೆಯಿಂದ ಹೊರಹೋಯಿತು ಎಂದು ಅರ್ಥವಲ್ಲ. ರೂಪ ಬದಲಿಸಿ ಅಲ್ಲೇ ಉಳಿದಿರಬಹುದು. ನಿರ್-ಎಸ್, ನಿರ್-ಕೆ ಎಣಿಸಿ ನರ್ಫ್-ಎ ಬಿಟ್ಟ ಅಧ್ಯಯನ ಇಂಥ ಹೊಳೆಯಲ್ಲಿ ಅರ್ಧ ಅಧ್ಯಯನ. ಡೆಲ್ಫ್ಟಿನಲ್ಲಿ 1995ರಲ್ಲಿ ವರದಿಯಾದ ಅನಾಮಾಕ್ಸ್ ಎಂಬ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನೂ ನೈಟ್ರೈಟನ್ನೂ ಕೂಡಿಸಿ ಆಮ್ಲಜನಕವಿಲ್ಲದೆಯೇ ಸಾರಜನಕ ಅನಿಲ ಮಾಡುತ್ತವೆ. ಆದರೆ ಅವಕ್ಕೆ ನೈಟ್ರೈಟ್ ಬೇಕು, ನೈಟ್ರೈಟಿಗೆ ಆಮ್ಲಜನಕ ಬೇಕು, ಜೊತೆಗೆ ಅವು ಬಹಳ ನಿಧಾನ ಬೆಳೆಯುವಂಥವು. ಹೊಳೆಯ ಹರಿವಿಗಿಂತ ಕೆರೆಯ ಹೂಳಿನಲ್ಲಿ ಅವನ್ನು ಹುಡುಕುವುದು ಸರಿ.

ಈಗ ಎಣಿಕೆಯ ಮಾತು. ಪ್ರತಿ ಗ್ರಾಂ ಹೂಳಿನಲ್ಲಿ ಇಷ್ಟು ಅಮೊ-ಎ ಪ್ರತಿಗಳು ಎಂಬ ಸಂಖ್ಯೆ ಕ್ಯು-ಪಿಸಿಆರ್ ಯಂತ್ರದಿಂದ ಬಹಳ ಅಚ್ಚುಕಟ್ಟಾಗಿ ಹೊರಬರುತ್ತದೆ. ಆ ಅಚ್ಚುಕಟ್ಟೇ ಅಪಾಯ. ನೈಟ್ರೊಸೊಮೊನಾಸ್ ಯೂರೋಪಿಯಾದ ಒಂದು ಕೋಶದಲ್ಲಿ ಅಮೊ-ಎಯ ಎರಡು ಪ್ರತಿಗಳಿವೆ. ಆರ್ಕಿಯಾದಲ್ಲಿ ಸಾಮಾನ್ಯವಾಗಿ ಒಂದೇ. ಹಾಗಾಗಿ ಪ್ರತಿಗಳ ಅನುಪಾತ ಕೋಶಗಳ ಅನುಪಾತವಲ್ಲ, ಕೋಶಗಳ ಅನುಪಾತ ಕೆಲಸದ ಅನುಪಾತವಂತೂ ಅಲ್ಲವೇ ಅಲ್ಲ. ಸತ್ತ ಕೋಶಗಳ ಡಿಎನ್‌ಎ ಕೂಡ ಪಿಸಿಆರಿಗೆ ಸಿಗುತ್ತದೆ. 2016ರ ಒಂದು ಅಧ್ಯಯನ ಹಲವು ಮಣ್ಣುಗಳನ್ನು ಪರೀಕ್ಷಿಸಿ, ಸರಾಸರಿ ಶೇ. 40ರಷ್ಟು ಡಿಎನ್‌ಎ ಬದುಕಿರುವ ಕೋಶಗಳದ್ದಲ್ಲ ಎಂದು ಕಂಡಿತು. ಕೊಳಚೆಯ ಹೊಳೆಯಲ್ಲಿ ಈ ತೊಡಕು ಇನ್ನಷ್ಟು ದೊಡ್ಡದಾಗುವುದಕ್ಕೆ ಕಾರಣವಿದೆ. ಮಣ್ಣಿನ ಜೀವಿ ಸತ್ತರೂ ಬದುಕಿದರೂ ಆ ಮಣ್ಣಿನದ್ದೇ. ಹೊಳೆಯಲ್ಲಿ ಕಾಣುವ ನೈಟ್ರೀಕಾರಕ ಸಂಸ್ಕರಣಾ ಘಟಕದ ಕೆಸರಿನಿಂದ ತಪ್ಪಿಸಿಕೊಂಡು ಬಂದದ್ದಿರಬಹುದು. ಗಾಳಿ ಊದುವ ತೊಟ್ಟಿಯಲ್ಲಿ ಚೆನ್ನಾಗಿ ದುಡಿಯುತ್ತಿದ್ದ ಜೀವಿ ಕಪ್ಪು ನೀರಿಗೆ ಬಿದ್ದು ಆಮ್ಲಜನಕವಿಲ್ಲದೆ ಸುಮ್ಮನೆ ತೇಲುತ್ತಿರುತ್ತದೆ. ನಮ್ಮ ಕೈಗೆ ಸಿಗುವುದು ಅದರ ಅಮೊ-ಎ. ಹೊಳೆಯಲ್ಲಿ ನೈಟ್ರೀಕರಣ ನಡೆಯುತ್ತಿದೆ ಎಂದು ನಾವು ಬರೆದುಬಿಡುತ್ತೇವೆ.

ಇದಕ್ಕೊಂದು ಪರಿಹಾರ ಅದೇ ವಿಧಾನದೊಳಗಿದೆ. ಎಣಿಸುವುದರ ಜೊತೆಗೆ ಆ ಜೀನಿನ ಅಕ್ಷರಕ್ರಮವನ್ನೂ ಓದಬೇಕು. ಒಂದೆರಡು ಅಕ್ಷರ ಬೇರೆಯಾದ ಅಮೊ-ಎ ರೂಪಗಳನ್ನೂ ಇಂದು ಬೇರ್ಪಡಿಸಬಹುದು. ಮೈಲಸಂದ್ರದ ಕೆಸರು, ಘಟಕದ ಹೊರಹರಿವು, ಅದು ಹೊಳೆಗೆ ಕೂಡುವ ಜಾಗದ ಮೇಲಿನ ಹೂಳು, ಕೆಳಗಿನ ಹೂಳು, ಬೈರಮಂಗಲದ ಹೂಳು, ಕೆರೆಯ ನೀರುಂಡ ಹೊಲದ ಮಣ್ಣು: ಇಷ್ಟರಲ್ಲೂ ಒಂದೇ ರೂಪಗಳು ಕಂಡು, ಕೆಳಗಿಳಿದಂತೆ ಅವು ಕಡಿಮೆಯಾಗುತ್ತಾ ಹೋದರೆ ಅವು ಕೊಚ್ಚಿಬಂದ ಅತಿಥಿಗಳು. ಮೇಲೆ ಎಲ್ಲೂ ಇಲ್ಲದ ರೂಪಗಳು ಹೊಲದ ಮಣ್ಣಿನಲ್ಲಿ ಹೆಚ್ಚಿದರೆ ಅವು ಅಲ್ಲಿಯವು. ನನ್ನ ಎಣಿಕೆಯಲ್ಲಿ ನಿಜವಾದ ನೈಟ್ರೀಕರಣ ನಡೆಯುವುದು ಆ ಹೊಲಗಳಲ್ಲೇ. ಬೈರಮಂಗಲದ ಸುತ್ತ ಸೀಮೆಹುಲ್ಲಿಗೆ, ತೆಂಗಿಗೆ, ತರಕಾರಿಗೆ ಹಾಯುವ ನೀರಿನಲ್ಲಿ ಅಮೋನಿಯಾ ಇದೆ, ಉತ್ತ ಮಣ್ಣಿನಲ್ಲಿ ಗಾಳಿ ಇದೆ. ಅಲ್ಲಿ ಹುಟ್ಟಿದ ನೈಟ್ರೇಟ್ ಬೇರು ಹೀರಿ ಉಳಿದದ್ದು ಕೊಳವೆ ಬಾವಿಯ ಕಡೆಗೆ ಇಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಎಂದು ಮಿತಿ ಹಾಕಿದೆ. ಹೊಳೆಯ ನೀರಿನಲ್ಲಿ ನೈಟ್ರೇಟ್ ಕಡಿಮೆ ಇದೆ ಎಂಬ ವರದಿ ಹಿಡಿದು ಹಳ್ಳಿಯ ಬಾವಿಯ ಬಗ್ಗೆ ನಿಶ್ಚಿಂತರಾಗಿರುವುದು ಸಲ್ಲದು.

ಕೆಲಸ ನಡೆಯುತ್ತಿದೆಯೇ ಎಂಬ ಎರಡನೆಯ ಪ್ರಶ್ನೆಗೆ ಆರ್‌ಎನ್‌ಎ ಹತ್ತಿರದ ಸಾಕ್ಷಿ. ಆದರೆ ಸಂದೇಶವಾಹಕ ಆರ್‌ಎನ್‌ಎಯ ಆಯಸ್ಸು ನಿಮಿಷಗಳಲ್ಲಿ. ಹೂಳನ್ನು ಹೊಳೆಯ ದಡದಲ್ಲೇ ಸಂರಕ್ಷಕ ದ್ರಾವಣಕ್ಕೆ ಹಾಕಬೇಕು ಇಲ್ಲವೇ ಅಲ್ಲೇ ಹೆಪ್ಪುಗಟ್ಟಿಸಬೇಕು. ಮೈಸೂರು ರಸ್ತೆಯ ವಾಹನ ದಟ್ಟಣೆಯಲ್ಲಿ ಐಸ್ ಪೆಟ್ಟಿಗೆ ಹಿಡಿದು ಪ್ರಯೋಗಾಲಯ ತಲಪುವಷ್ಟರಲ್ಲಿ ಓದಲು ಉಳಿಯುವುದು ಪ್ರಯಾಣದ ಕಥೆ ಮಾತ್ರ. ಅದಕ್ಕಿಂತ ಗಟ್ಟಿ ಸಾಕ್ಷಿ ಸಾರಜನಕ-15 ಎಂಬ ಭಾರದ ಸಮಸ್ಥಾನಿ. ಅದನ್ನು ಸೇರಿಸಿದ ಅಮೋನಿಯಾವನ್ನೋ ನೈಟ್ರೇಟನ್ನೋ ಅದೇ ಹೂಳಿಗೆ ಕೊಟ್ಟು, ಗಂಟೆಗೆ ಎಷ್ಟು ಯಾವ ರೂಪಕ್ಕೆ ತಿರುಗಿತು ಎಂದು ಅಳೆಯುವುದು. ವಂಶವಾಹಿ ಯಾರು ಎಂದು ಹೇಳುತ್ತದೆ, ಸಮಸ್ಥಾನಿ ಎಷ್ಟು ಎಂದು ಹೇಳುತ್ತದೆ. ಎರಡನೆಯದಕ್ಕೆ ಖರ್ಚು ಹೆಚ್ಚು. ಮಾದರಿಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿಯಾದರೂ ಎರಡನ್ನೂ ಒಟ್ಟಿಗೆ ಮಾಡುವುದು ಮೇಲು ಎಂಬುದು ನನ್ನ ನಿಲುವು.

ದಡದ ಕೆಲಸದ ಬಗ್ಗೆ ಇನ್ನೂ ಒಂದೆರಡು ಮಾತು, ವಿದ್ಯಾರ್ಥಿಗಳಿಗಾಗಿ. ಹ್ಯೂಮಿಕ್ ಆಮ್ಲ, ಜಿಡ್ಡು, ಪೀಣ್ಯ ಕಡೆಯ ಕಾರ್ಖಾನೆಗಳ ಲೋಹಗಳು ಪಿಸಿಆರ್ ಕಿಣ್ವವನ್ನು ತಡೆಯುತ್ತವೆ. ಜೀನ್ ಇಲ್ಲ ಎಂದು ಯಂತ್ರ ತೋರಿಸಿದ್ದು ಕಿಣ್ವ ಕೆಲಸ ಮಾಡಲಿಲ್ಲ ಎಂಬುದರ ಗುರುತಾಗಿರಬಹುದು. ಗೊತ್ತಿರುವಷ್ಟು ಡಿಎನ್‌ಎಯನ್ನು ಬೇಕೆಂದೇ ಬೆರೆಸಿ ಅದು ಪೂರ್ತಿ ಹಿಂತಿರುಗಿತೇ ಎಂದು ನೋಡದ ಸೊನ್ನೆಯನ್ನು ಸೊನ್ನೆ ಎನ್ನಬಾರದು. ನೈಟ್ರೊಸೊಪ್ಯೂಮಿಲಸ್‌ನ ಅಗಲ ಸುಮಾರು 0.2 ಮೈಕ್ರಾನ್. ನಾವು ಬಳಸುವ 0.22 ಮೈಕ್ರಾನ್ ಸೋಸುಹಾಳೆಯಲ್ಲಿ ಅಂಥ ಆರ್ಕಿಯಾ ಒಂದಿಷ್ಟು ನುಸುಳಿಹೋಗಬಹುದು. ಕೊಳಚೆಯ ಹರಿವು ಬೆಳಗಿನ ಸ್ನಾನ, ಅಡುಗೆಯ ಹೊತ್ತಿಗೆ ಏರಿ ನಡುರಾತ್ರಿ ಇಳಿಯುತ್ತದೆ. ಒಂದೇ ಹೊತ್ತಿನ ಮಾದರಿ ನೀರಿನ ಕಥೆಯನ್ನು ಹೇಳಲಾರದು. ಹೂಳು ಹೆಚ್ಚು ಸ್ಥಿರ. ಅದೂ ಮಳೆಗಾಲದ ಮೊದಲ ಜೋರು ಮಳೆಯಲ್ಲಿ ರಾಜಕಾಲುವೆಗಳ ಹೂಳು ಎದ್ದು ಕೆಳಗೆ ಹೋಗುವವರೆಗೆ ಮಾತ್ರ. ಆದ್ದರಿಂದ ಮೇ ತಿಂಗಳ ಮಾದರಿಯನ್ನೂ ಅಕ್ಟೋಬರಿನ ಮಾದರಿಯನ್ನೂ ಒಂದೇ ಸರಾಸರಿಗೆ ಸೇರಿಸಬಾರದು.

ಕಾನೂನಿನ ಕಡೆಯಿಂದಲೂ ಈ ಕೆಲಸಕ್ಕೆ ತುರ್ತು ಇದೆ. ಸಂಸ್ಕರಣಾ ಘಟಕಗಳಿಗೆ ಪರಿಸರ ಸಚಿವಾಲಯ 2015ರಲ್ಲಿ ತಂದ ಕರಡಿನಲ್ಲಿ ಅಮೋನಿಯಾ ಸಾರಜನಕ ಲೀಟರಿಗೆ 5 ಮಿಲಿಗ್ರಾಂ, ಒಟ್ಟು ಸಾರಜನಕ 10 ಮಿಲಿಗ್ರಾಂ ಎಂಬ ಮಿತಿಗಳಿದ್ದವು. 2017ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಸಾರಜನಕದ ಮಿತಿಯೇ ಬಿಟ್ಟುಹೋಯಿತು. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಟ್ಟು ಸಾರಜನಕಕ್ಕೆ 10 ಮಿಲಿಗ್ರಾಂ ಮಿತಿಯನ್ನು ಮತ್ತೆ ಹೇಳಿತು. ಅಮೋನಿಯಾ ಮಿತಿ ಮುಟ್ಟಲು ನೈಟ್ರೀಕಾರಕಗಳು ಸಾಕು. ಒಟ್ಟು ಸಾರಜನಕದ ಮಿತಿ ಮುಟ್ಟಲು ಗಾಳಿ ನಿಲ್ಲಿಸಿದ ತೊಟ್ಟಿಯಲ್ಲಿ ವಿನೈಟ್ರೀಕಾರಕಗಳೂ, ಅವಕ್ಕೆ ಉಣ್ಣಲು ಇಂಗಾಲವೂ ಬೇಕು. ಗಾಳಿ ಊದಿ ಊದಿ ಅಮೋನಿಯಾವನ್ನೆಲ್ಲ ನೈಟ್ರೇಟ್ ಮಾಡಿಟ್ಟ ಘಟಕ ಅಮೋನಿಯಾ ಪರೀಕ್ಷೆಯಲ್ಲಿ ಪಾಸಾಗಿ ಒಟ್ಟು ಸಾರಜನಕದಲ್ಲಿ ಇದ್ದಲ್ಲೇ ಇರುತ್ತದೆ. ಅಪಾರ್ಟ್‌ಮೆಂಟುಗಳ ಸಣ್ಣ ಘಟಕಗಳಲ್ಲಿ ಕರೆಂಟು ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸಿದರೆ ಏನಾಗುತ್ತದೆ, ಆ ಅರೆಬರೆ ಆಮ್ಲಜನಕದಲ್ಲಿ ನೈಟ್ರಸ್ ಆಕ್ಸೈಡ್ ಎಷ್ಟು ಹೊರಡುತ್ತದೆ ಎಂಬುದು ಅಮೊ-ಎ, ನಾಸ್-ಜೆಡ್ ಎಣಿಕೆಗಳನ್ನು ಅನಿಲದ ಅಳತೆಯೊಂದಿಗೆ ಇಟ್ಟು ನೋಡಲು ಹೇಳಿಮಾಡಿಸಿದ ಪ್ರಶ್ನೆ. ವಿಜಯನಗರದಿಂದ ಕೆಂಗೇರಿವರೆಗೆ ಅಂಥ ಘಟಕಗಳಿಗೆ ಕೊರತೆಯಿಲ್ಲ.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ವೃಷಭಾವತಿ ಕಣಿವೆಯ ನೀರನ್ನು ಬೆಂಗಳೂರು ನಗರ, ಗ್ರಾಮಾಂತರ ಮತ್ತು ತುಮಕೂರು ಜಿಲ್ಲೆಗಳ ಕೆರೆಗಳಿಗೆ ಏರಿಸುವ ಯೋಜನೆಯನ್ನೂ ಸರ್ಕಾರ ಕೈಗೆತ್ತಿಕೊಂಡಿದೆ. ಆ ನೀರಿನೊಡನೆ ಘಟಕದ ನೈಟ್ರೀಕಾರಕಗಳೂ ಏರಿಹೋಗುತ್ತವೆ. ಮೊದಲ ನೀರು ಬೀಳುವುದಕ್ಕೆ ಮುಂಚಿನ ಹೂಳು ಸಿಗುವುದು ಒಂದೇ ಸಲ. ಪ್ರತಿ ಕೆರೆಯ ಒಣ ಹೂಳನ್ನು ಮೇಲಿನ ಪದರ, ಕೆಳಗಿನ ಪದರ ಎಂದು ಬೇರೆ ಬೇರೆಯಾಗಿ ತೆಗೆದು, ಸುತ್ತಲಿನ ಎರಡು ಮೂರು ಕೊಳವೆ ಬಾವಿಗಳ ನೈಟ್ರೇಟ್ ಅಳೆದು, ಹೂಳನ್ನು ಮೈನಸ್ 80 ಡಿಗ್ರಿಯಲ್ಲಿ ಇಟ್ಟುಕೊಳ್ಳುವುದಕ್ಕೆ ದೊಡ್ಡ ಅನುದಾನವೇನೂ ಬೇಡ. ಯಾವ ಪ್ರೈಮರು ಬಳಸಬೇಕು, ಯಾವ ಜೀನ್ ಓದಬೇಕು ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. 2015ರ ನಂತರ ಬಂದ ಪ್ರೈಮರುಗಳನ್ನು ಅದಕ್ಕೂ ಹಿಂದೆ ತೆಗೆದಿಟ್ಟ ಮಾದರಿಗಳ ಮೇಲೂ ಓಡಿಸಲು ಸಾಧ್ಯವಾದದ್ದು ಯಾರೋ ಹೀಗೆ ಹೆಪ್ಪುಗಟ್ಟಿಸಿ ಇಟ್ಟಿದ್ದರಿಂದ. ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಓದುವ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳಿಗೆ ವೃಷಭಾವತಿ ಆವರಣದ ಅಂಚಿನಲ್ಲೇ ಇದೆ. ಈ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.